ಚೌಕಟ್ಟಿನ ಬೆಲೆಗೆ ಸಿಗುವ ಚಿತ್ರಗಳು

ಅಮೆರಿಕದ ಥ್ರಿಫ್ಟ್ ಸ್ಟೋರುಗಳೆಂದರೆ ಜನ ದಾನವಾಗಿ ಕೊಟ್ಟ ಹಳೆಯ ಸಾಮಾನನ್ನು ಅಗ್ಗಕ್ಕೆ ಮಾರುವ ಅಂಗಡಿಗಳು. ಅಲ್ಲಿ ಹವ್ಯಾಸಿಗಳು ಬರೆದ ವರ್ಣಚಿತ್ರಗಳು ಹಳೆ ಲ್ಯಾಂಪು, ಖಾಲಿ ಫೋಟೊ ಫ್ರೇಮುಗಳ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿರುತ್ತವೆ. ಬೆಲೆ ಕೆಲವೇ ಡಾಲರು, ಅದೂ ಹೆಚ್ಚಾಗಿ ಚೌಕಟ್ಟಿನದು. ಸರೋವರದಾಚೆಯ ಹಿಮಪರ್ವತ, ಸಾಕಿದ ನಾಯಿ, ಸರ್ಕಸ್ಸಿನ ಕೋಡಂಗಿ, ಯಾರದೋ ಅಜ್ಜಿ, ಹೀಗೆ ಸಾಗುತ್ತವೆ ವಿಷಯಗಳು. ಇವನ್ನು ಹುಡುಕಿ ಕೊಂಡು, ಹೆಸರಿಟ್ಟು, ನಗುತ್ತಲೇ ವಿಮರ್ಶಿಸುವುದು 1990ರಿಂದೀಚೆಗೆ ಗಂಭೀರ ರಸಿಕರ ಹವ್ಯಾಸವಾಗಿ ಬೆಳೆದಿದೆ.

ಇಂಥ ಅಂಗಡಿಗಳ ದೊಡ್ಡ ಸಂಸ್ಥೆಯಾದ ಗುಡ್‌ವಿಲ್ 1902ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿತು. ಎಡ್ಗರ್ ಹೆಲ್ಮ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಉಳ್ಳವರ ಮನೆಗಳಿಂದ ಹಳೆ ಬಟ್ಟೆ, ಸಾಮಾನು ಕೂಡಿಸಿ, ಬಡವರಿಂದ ರಿಪೇರಿ ಮಾಡಿಸಿ, ಮಾರಿ ಬಂದ ಹಣದಲ್ಲಿ ಅವರಿಗೆ ಕೂಲಿ ಕೊಡುವ ಏರ್ಪಾಡು ಮಾಡಿದರು. ಚಿತ್ರಗಳು ಇಲ್ಲಿಗೆ ಬಂದು ಸೇರುವುದು ಬಹುಪಾಲು ಬರೆದವರು ತೀರಿಕೊಂಡು ಮನೆ ಖಾಲಿ ಮಾಡುವ ಹೊತ್ತಿನಲ್ಲಿ. ಮಕ್ಕಳಿಗೆ ಅದನ್ನು ಗೋಡೆಗೆ ಹಾಕಲು ಮನಸ್ಸಿರುವುದಿಲ್ಲ, ಕಸಕ್ಕೆ ಎಸೆಯಲು ಕೈಯೂ ಬರುವುದಿಲ್ಲ.

ಇಷ್ಟು ಜನ ಚಿತ್ರ ಬರೆಯುವಂತಾದದ್ದಕ್ಕೆ ಕಾರಣಗಳಿವೆ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಬಣ್ಣ ಅರೆಯುವ ಶ್ರಮ ತಪ್ಪಿತು. 1950ರ ದಶಕದ ಮೊದಲಲ್ಲಿ ಡೆಟ್ರಾಯಿಟ್‌ನ ಪಾಮರ್ ಪೇಂಟ್ ಕಂಪನಿಗಾಗಿ ಡ್ಯಾನ್ ರಾಬಿನ್ಸ್ ರೂಪಿಸಿದ, ಅಂಕಿ ನೋಡಿ ಬಣ್ಣ ತುಂಬುವ ಕಿಟ್ಟುಗಳು ಮನೆಮನೆಗೆ ಕುಂಚ ತಲುಪಿಸಿದವು. 1983ರಿಂದ 1994ರವರೆಗೆ ಟಿವಿಯ 403 ಕಂತುಗಳಲ್ಲಿ ಬಾಬ್ ರಾಸ್ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಹಾಕಿ ಅರ್ಧ ಗಂಟೆಯೊಳಗೆ ಪರ್ವತ ಎಬ್ಬಿಸುವುದನ್ನು ತೋರಿಸಿದರು. ಅಂಗಡಿಗಳಲ್ಲಿ ಇಂದಿಗೂ ಸಿಗುವ ಪರ್ವತ–ಸರೋವರಗಳಲ್ಲಿ ಬಹಳಷ್ಟಕ್ಕೆ ಅವರೇ ಗುರು. ಆದರೆ ವಿಮರ್ಶೆಗೆ ಇವು ಅಷ್ಟಾಗಿ ಒದಗುವುದಿಲ್ಲ. ಹೇಳಿಕೊಟ್ಟ ಪಾಠವನ್ನು ಹಾಗೆಯೇ ಒಪ್ಪಿಸಿದ ಚಿತ್ರದಲ್ಲಿ ಬರೆದವರ ಸ್ವಂತ ಹುಚ್ಚು ಕಾಣುವುದಿಲ್ಲ. ಅದು ಕಾಣದ ಕಡೆ ವಿಮರ್ಶಕನಿಗೆ ಕೆಲಸವಿಲ್ಲ.

ಈ ಹವ್ಯಾಸಕ್ಕೆ ಗ್ರಂಥರೂಪ ಕೊಟ್ಟವರು ಲಾಸ್ ಏಂಜಲೀಸ್‌ನ ಕಲಾವಿದ ಜಿಮ್ ಶಾ. ಅಂಗಡಿಗಳಲ್ಲಿ ಸಿಕ್ಕ ಚಿತ್ರಗಳನ್ನು ಅವರು 1990ರಲ್ಲಿ ಪುಸ್ತಕವಾಗಿ ಹೊರತಂದರು. ಮರುವರ್ಷ ಅವು ನ್ಯೂಯಾರ್ಕಿನ ಗ್ಯಾಲರಿಯೊಂದರ ಗೋಡೆ ಏರಿದವು. ಬರೆದವರ ಹೆಸರು ತಿಳಿಯದ ಚಿತ್ರಗಳಿಗೆ ಶಾ ಕೊಟ್ಟ ಶೀರ್ಷಿಕೆಗಳು ಬರೀ ವರ್ಣನೆಗಳು: ಚಿತ್ರದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಯಾವ ಅಂಗ ಕಾಣೆಯಾಗಿದೆ ಎಂಬಷ್ಟೇ. ಹೀಗಳೆಯುವ ಒಂದು ಮಾತೂ ಇಲ್ಲ. ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು, ನಗು ತಾನಾಗಿ ಬರುತ್ತದೆ ಎಂಬುದನ್ನು ಈ ಕ್ಷೇತ್ರ ಕಲಿತದ್ದು ಅವರಿಂದ.

ಹವ್ಯಾಸ ಸಂಸ್ಥೆಯಾದದ್ದು ಬಾಸ್ಟನ್ನಿನಲ್ಲಿ. ಹಳೆ ವಸ್ತುಗಳ ವ್ಯಾಪಾರಿ ಸ್ಕಾಟ್ ವಿಲ್ಸನ್‌ಗೆ ರಸ್ತೆ ಬದಿ ಕಸದ ಡಬ್ಬಿಗಳ ನಡುವೆ ಒಂದು ಕ್ಯಾನ್ವಾಸು ಸಿಕ್ಕಿತು. ಅವರಿಗೆ ಬೇಕಿದ್ದುದು ಚೌಕಟ್ಟು ಮಾತ್ರ. ಚಿತ್ರವನ್ನು ಗೆಳೆಯ ಜೆರ್‍ರಿ ರೈಲಿಗೆ ತೋರಿಸಿದಾಗ, ಅದನ್ನು ಎಸೆಯಕೂಡದೆಂದು ರೈಲಿ ಪಟ್ಟು ಹಿಡಿದರು. ಹೂಬಯಲಿನಲ್ಲಿ ನೀಲಿ ಉಡುಪಿನ ಅಜ್ಜಿ, ತಲೆಯ ಮೇಲೆ ಹಳದಿ ಆಕಾಶ, ಒಂದು ಕೈಯಲ್ಲಿ ಹೂಗೊಂಚಲು. ಅವಳು ಕುಳಿತಿದ್ದಾಳೋ, ಕುಣಿಯುತ್ತಿದ್ದಾಳೋ, ಬೆನ್ನಹಿಂದಿನ ಕೆಂಪು ಕುರ್ಚಿಯನ್ನು ಹೊತ್ತು ಓಡುತ್ತಿದ್ದಾಳೋ ಎಂದು ಎಷ್ಟು ನೋಡಿದರೂ ತೀರ್ಮಾನವಾಗುವುದಿಲ್ಲ. ‘ಲೂಸಿ ಇನ್ ದ ಫೀಲ್ಡ್ ವಿತ್ ಫ್ಲವರ್ಸ್’ ಎಂದು ಹೆಸರಾದ ಈ ಚಿತ್ರದಿಂದ 1990ರ ದಶಕದ ಮೊದಲರ್ಧದಲ್ಲಿ, ರೈಲಿಯ ಮನೆಯ ನೆಲಮಾಳಿಗೆಯಲ್ಲಿ, ಮ್ಯೂಸಿಯಂ ಆಫ್ ಬ್ಯಾಡ್ ಆರ್ಟ್ ಆರಂಭವಾಯಿತು. ಮುಂದೆ ಅದು ಡೆಡಮ್ ಊರಿನ ಚಿತ್ರಮಂದಿರದ ನೆಲಮಾಳಿಗೆಗೆ, ಗಂಡಸರ ಶೌಚಾಲಯದ ಹೊರಗಿನ ಜಾಗಕ್ಕೆ ಬಂತು. ಪತ್ರಿಕೆಯಲ್ಲಿ ಲೂಸಿಯ ಚಿತ್ರ ನೋಡಿದ ಒಬ್ಬ ಮಹಿಳೆ, ಅದು ತನ್ನ ಸ್ವಂತ ಅಜ್ಜಿಯೆಂದು ಗುರುತಿಸಿದ್ದೂ ಉಂಟು.

ಸಂಗ್ರಹಾಲಯದ ಆಯ್ಕೆಯ ನಿಯಮಗಳೇ ಈ ರಸಿಕತೆಯ ತಿರುಳು. ಮಕ್ಕಳ ಚಿತ್ರ ಬೇಡ, ಅಂಕಿ ನೋಡಿ ತುಂಬಿದ್ದು ಬೇಡ, ವೆಲ್ವೆಟ್ ಬಟ್ಟೆಯ ಮೇಲಿನ ಮಾರಾಟದ ಮಾಲು ಬೇಡ, ಬೇಕೆಂದೇ ಕೆಟ್ಟದಾಗಿ ಬರೆದದ್ದಂತೂ ಬೇಡವೇ ಬೇಡ. ಬರೆದವರು ಏನನ್ನೋ ಹೇಳಲು ಮನಸಾರೆ ಹೊರಟಿರಬೇಕು, ದಾರಿಯಲ್ಲಿ ಎಲ್ಲೋ ಎಡವಿರಬೇಕು. ಜಾನ್ ಗೆಡ್ರಾಯಿಟಿಸ್ ಬರೆದ ‘ಸಂಡೇ ಆನ್ ದ ಪಾಟ್ ವಿತ್ ಜಾರ್ಜ್’ ಇದಕ್ಕೆ ಉತ್ತಮ ಉದಾಹರಣೆ. ಒಳಚಡ್ಡಿ ತೊಟ್ಟ ದಢೂತಿ ಆಸಾಮಿಯೊಬ್ಬ ಮಲಪಾತ್ರೆಯ ಮೇಲೆ ಕುಳಿತಿದ್ದಾನೆ. ಅವನ ಮೈಯನ್ನು ಫ್ರೆಂಚ್ ಕಲಾವಿದ ಸುರಾನ ಚುಕ್ಕೆ ಶೈಲಿಯಲ್ಲಿ, ಸಾವಿರಾರು ಬಣ್ಣದ ಬಿಂದುಗಳಿಂದ ತಾಳ್ಮೆಯಿಂದ ಕಟ್ಟಲಾಗಿದೆ. ಪಾದಗಳಿಗೆ ಬರುವ ಹೊತ್ತಿಗೆ ಕ್ಯಾನ್ವಾಸು ಮುಗಿದಿದೆ. ಅಷ್ಟು ಪ್ರೀತಿಯ ದುಡಿಮೆಯನ್ನು ಅಂಥ ವಿಷಯಕ್ಕೆ ಸುರಿದಿರುವುದೇ ಚಿತ್ರದ ಘನತೆ.

ಎಡವುವ ಜಾಗಗಳು ಸಾಮಾನ್ಯವಾಗಿ ಒಂದೇ. ಕೈ ಬರೆಯುವುದು ಕಷ್ಟ. ಆದ್ದರಿಂದ ಹವ್ಯಾಸಿಗಳ ಚಿತ್ರಗಳಲ್ಲಿ ಜನ ಜೇಬಿಗೆ ಕೈ ಇಳಿಬಿಟ್ಟಿರುತ್ತಾರೆ, ಬೆನ್ನಹಿಂದೆ ಕಟ್ಟಿಕೊಂಡಿರುತ್ತಾರೆ, ಇಲ್ಲವೇ ಹೂರಾಶಿಯಲ್ಲಿ ಹುದುಗಿಸಿರುತ್ತಾರೆ. ಪಾದಗಳನ್ನು ಹುಲ್ಲು ಮುಚ್ಚುತ್ತದೆ. ಕಣ್ಣುಗಳು ನಿಜವಾಗಿ ಇರುವುದು ತಲೆಯ ಎತ್ತರದ ಸುಮಾರು ಮಧ್ಯದಲ್ಲಿ. ಹೊಸಬರು ಅವನ್ನು ಮೇಲಕ್ಕೆ ಏರಿಸಿಬಿಡುತ್ತಾರೆ, ಹಣೆ ಕುಗ್ಗಿ ಮುಖಕ್ಕೆ ಸದಾ ಗಾಬರಿಯ ಕಳೆ ಬರುತ್ತದೆ. ಮುಖವನ್ನು ಒಂದು ಫೋಟೊದಿಂದ, ಹಿನ್ನೆಲೆಯನ್ನು ಇನ್ನೊಂದರಿಂದ ತೆಗೆದಾಗ ಮೂಗಿನ ನೆರಳು ಎಡಕ್ಕೂ ಮರದ ನೆರಳು ಬಲಕ್ಕೂ ಬೀಳುತ್ತದೆ, ಒಂದೇ ಲೋಕಕ್ಕೆ ಎರಡು ಸೂರ್ಯ. ತಿಳಿಯಾಗಿಸಲು ಬಿಳಿ, ನೆರಳಿಗೆ ಕಪ್ಪು ಎಂದು ನಂಬಿ ಬೆರೆಸಿದ ಬಣ್ಣದಲ್ಲಿ ಕೆನ್ನೆ ಸುಣ್ಣವಾಗುತ್ತದೆ, ಕತ್ತು ಮಸಿಯಾಗುತ್ತದೆ.

ಈ ದೋಷಗಳನ್ನು ಪಟ್ಟಿ ಮಾಡಿದರೆ ಅದು ಡ್ರಾಯಿಂಗ್ ಮೇಷ್ಟರ ಅಂಕಪಟ್ಟಿಯಾದೀತೇ ಹೊರತು ವಿಮರ್ಶೆಯಾಗದು. ಒಳ್ಳೆಯ ವಿಮರ್ಶಕ ಪ್ರತಿ ತಪ್ಪನ್ನೂ ಕಲಾವಿದರ ನಿರ್ಧಾರವೆಂದೇ ಗೌರವಿಸಿ ಅರ್ಥ ಹುಡುಕುತ್ತಾನೆ. ಕುದುರೆಗೆ ಮಂಡಿ ಹಿಂದುಮುಂದಾಗಿದ್ದರೆ, ಅದು ಯಾವ ಕಡೆಗೆ ಹೊರಟಿದೆ ಎಂಬುದೇ ಚಿತ್ರದ ಮುಖ್ಯ ಪ್ರಶ್ನೆಯಾಗುತ್ತದೆ. ನಗೆ ಹುಟ್ಟುವುದು ಆ ಗಂಭೀರ ನೋಟಕ್ಕೂ ನೋಡಿದ ವಸ್ತುವಿಗೂ ನಡುವಿನ ಅಂತರದಲ್ಲಿ. ಬರೆದವರ ಬುದ್ಧಿ, ಬಡತನ, ವಯಸ್ಸುಗಳತ್ತ ಮಾತು ಹೊರಳಿದೊಡನೆ ಅದು ಬರೀ ಅವಹೇಳನ.

ಸಂಗ್ರಹಾಲಯದ ಕಳ್ಳತನಗಳೂ ಸಂಗ್ರಹಕ್ಕೆ ತಕ್ಕಂತೆಯೇ ಇವೆ. 1996ರಲ್ಲಿ ‘ಐಲೀನ್’ ಎಂಬ ಚಿತ್ರ ಕಳುವಾದಾಗ ಘೋಷಿಸಿದ ಬಹುಮಾನ 6.50 ಡಾಲರು, ಆಮೇಲೆ ಅದು 36.73ಕ್ಕೆ ಏರಿತು. ಹತ್ತು ವರ್ಷದ ಬಳಿಕ ಕಳ್ಳನೆಂದು ಹೇಳಿಕೊಂಡವನೊಬ್ಬ 5,000 ಡಾಲರು ಕೇಳಿದ. ಯಾರೂ ಕೊಡಲಿಲ್ಲ, ಚಿತ್ರ ಮಾತ್ರ ಹಿಂತಿರುಗಿ ಬಂತು. 2004ರಲ್ಲಿ ಇನ್ನೊಂದು ಚಿತ್ರ ಕದ್ದವರು 10 ಡಾಲರು ಕೇಳುವ ಚೀಟಿ ಬಿಟ್ಟರಾದರೂ ವಿಳಾಸ ಬರೆಯಲು ಮರೆತರು. ಕೆಲವೇ ದಿನಗಳಲ್ಲಿ ಚಿತ್ರ ಮರಳಿತು, ಜೊತೆಗೆ 10 ಡಾಲರಿನ ದೇಣಿಗೆಯೂ ಬಂತು.

ಇದೇ ಅಂಗಡಿಗಳಲ್ಲಿ ನಿಧಿ ಹುಡುಕುವವರ ದಾರಿ ಬೇರೆ. 2017ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಅಂಗಡಿಯೊಂದರಲ್ಲಿ 4 ಡಾಲರಿಗೆ ಕೊಂಡ ಚಿತ್ರ ಪ್ರಸಿದ್ಧ ಕಲಾವಿದ ಎನ್. ಸಿ. ವೈಯತ್ ಅವರದೆಂದು ತಿಳಿದು, 2023ರ ಹರಾಜಿನಲ್ಲಿ 1,91,000 ಡಾಲರಿಗೆ ಕೂಗಲಾಯಿತು. ಅಂಥವರಿಗೆ ಬೇಕಾದದ್ದು ಹೆಸರು. ಇಲ್ಲಿನ ರಸಿಕರಿಗೆ ಬೇಕಾದದ್ದು ಹೆಸರಿಲ್ಲದವರ ಕೈಬರಹ. ಮತ್ತೊಂದು ಬಗೆಯವರು ಹಳೆ ಚಿತ್ರದ ಮೇಲೆ ತಮ್ಮ ಬಣ್ಣ ಬಳಿಯುವವರು. ಡೆನ್ಮಾರ್ಕಿನ ಆಸ್ಗರ್ ಯೋರ್ನ್ 1959ರಲ್ಲಿ, ಸಂತೆಯಲ್ಲಿ ಕೊಂಡ ಚಿತ್ರಗಳ ಮೇಲೆ ಹೀಗೆ ಬರೆದು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದರು. ಯೋರ್ನ್ ದೊಡ್ಡ ಕಲಾವಿದ, ನಿಜ. ಆದರೂ ಅಳಿಸಿಹೋದ ಚಿತ್ರ ಮತ್ತೆ ಸಿಗದು. ಅವರನ್ನು ಅನುಕರಿಸಿ ಪರ್ವತಗಳ ನಡುವೆ ರಾಕ್ಷಸರನ್ನು ತುಂಬುವ ಇಂದಿನ ರೂಢಿ ಕೈಬಿಡತಕ್ಕದ್ದು.

ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಹೆಸರು, ವರ್ಷ, ಊರು ಎಷ್ಟೋ ಸಲ ಚಿತ್ರದ ಏಕೈಕ ದಾಖಲೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಇಂಥದ್ದೊಂದನ್ನು ಕೊಂಡರೆ ಆ ಬರಹವನ್ನು ಒರೆಸದೆ, ಹಲಗೆ ಬದಲಿಸದೆ ಉಳಿಸಿಕೊಳ್ಳಬೇಕು. ಬಾಸ್ಟನ್ ಕಡೆ ಹೋಗುವವರಿಗೆ ಮ್ಯೂಸಿಯಂ ಆಫ್ ಬ್ಯಾಡ್ ಆರ್ಟ್ 2022ರಿಂದ ಡಾರ್ಚೆಸ್ಟರ್ ಬ್ರೂಯಿಂಗ್ ಕಂಪನಿಯ ಕಟ್ಟಡದಲ್ಲಿ ನೋಡಲು ಸಿಗುತ್ತದೆ, ಪ್ರವೇಶ ಉಚಿತ.