ತಲೆ ಮೇಲಿನ ಗುರುತು ನೋಡಿ ಹೊಡೆಯಿರಿ

ಆನ್‌ಲೈನ್ ಆಟದಲ್ಲಿ ಇನ್ನೊಬ್ಬ ಮನುಷ್ಯನ ಎದುರು ನಿಂತು ಸೋತವರು ಸಾಮಾನ್ಯವಾಗಿ ಕೊಡುವ ಕಾರಣ ಎರಡೇ. ಬೆರಳು ಚುರುಕಾಗಿ ಓಡಲಿಲ್ಲ ಎನ್ನುವುದು ಒಂದು, ನೆಟ್ ಕೈಕೊಟ್ಟಿತು ಎನ್ನುವುದು ಇನ್ನೊಂದು. ಈ ಎರಡೂ ನೆಪಗಳಿಗೆ ಹೆಚ್ಚು ಆಸ್ಪದ ಕೊಡದ ಆಟವೊಂದಿದೆ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ಗ್ರಾಫಿಕ್ಸ್ ನೋಡಿದರೆ ‘ಇದನ್ನು ಇನ್ನೂ ಯಾರಪ್ಪಾ ಆಡುತ್ತಾರೆ’ ಅನ್ನಿಸೀತು. ಆದರೂ ಪಿವಿಪಿ, ಅಂದರೆ ಆಟಗಾರ–ಆಟಗಾರರ ನಡುವಿನ ಕಾಳಗ ಕಲಿಯಬೇಕು ಎನ್ನುವವರಿಗೆ ನಾನು ಮೊದಲು ಹೆಸರಿಸುವುದು ಇದನ್ನೇ. ಇಲ್ಲಿ ಸೋತರೆ ಯಾಕೆ ಸೋತೆ ಎನ್ನುವುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಹುದು.

ಮೊದಲು ಎರಡು ಮಾತು ಇತಿಹಾಸ. ಗೋವರ್ ಸೋದರರು ಕಟ್ಟಿದ ರೂನ್‌ಸ್ಕೇಪ್ ಶುರುವಾದದ್ದು 2001ರ ಜನವರಿಯಲ್ಲಿ. ಅದನ್ನು ನಡೆಸುತ್ತಿರುವುದು ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿ. ಆಟದ ನಕ್ಷೆಯ ಉತ್ತರಕ್ಕೆ ವೈಲ್ಡರ್ನೆಸ್ ಎಂಬ ಬರಡು ನೆಲವಿದೆ. ಅಲ್ಲಿ ಆಟಗಾರರು ಒಬ್ಬರನ್ನೊಬ್ಬರು ಹೊಡೆದು ಕೆಡವಿ, ಬಿದ್ದವರ ಸಾಮಾನು ಬಾಚಿಕೊಳ್ಳಬಹುದು. ಆಟದ ಚಿನ್ನವನ್ನು ನಿಜವಾದ ದುಡ್ಡಿಗೆ ಮಾರುವ ದಂಧೆ ಮಿತಿಮೀರಿದಾಗ 2007ರ ಡಿಸೆಂಬರ್‌ನಲ್ಲಿ ಕಂಪನಿ ವೈಲ್ಡರ್ನೆಸ್‌ನ ಈ ಮುಕ್ತ ಕಾದಾಟವನ್ನೇ ಕಿತ್ತುಹಾಕಿತು. ಆಟಗಾರರು ರೊಚ್ಚಿಗೆದ್ದರು. ಕೊನೆಗೆ ಅವರ ಮತ ಕೇಳಿ 2011ರ ಫೆಬ್ರವರಿಯಲ್ಲಿ ಅದನ್ನು ಮರಳಿ ತಂದರು. ಮತ್ತೆರಡು ವರ್ಷಕ್ಕೆ, 2013ರಲ್ಲಿ, ಹಳೆಯ ಆಟವೇ ಬೇಕು ಎಂದವರಿಗಾಗಿ ಜಾಗೆಕ್ಸ್ ತನ್ನ ಬಳಿ ಉಳಿದಿದ್ದ 2007ರ ಆಗಸ್ಟ್ ತಿಂಗಳ ಪ್ರತಿಯೊಂದನ್ನು ಹೊರತೆಗೆದು ನಡೆಸತೊಡಗಿತು. ಅದೇ ‘ಓಲ್ಡ್ ಸ್ಕೂಲ್’. ಆ ಪ್ರತಿ ವೈಲ್ಡರ್ನೆಸ್ ಸಾಯುವುದಕ್ಕೆ ನಾಲ್ಕು ತಿಂಗಳು ಮುಂಚಿನದು. ಹಾಗಾಗಿ ಹಳೆಯ ಕಾದಾಟವೂ ಜೀವಂತವಾಗಿಯೇ ಬಂತು. 2018ರಿಂದ ಇದು ಫೋನಿನಲ್ಲೂ ಸಿಗುತ್ತದೆ.

ಈ ಆಟದ ಹೃದಯ ಟಿಕ್. ಸರ್ವರ್ 0.6 ಸೆಕೆಂಡಿಗೊಮ್ಮೆ ಮಾತ್ರ ಕಣ್ಣು ತೆರೆಯುತ್ತದೆ. ಆ ನಡುವೆ ನೀವು ಏನೇ ಒತ್ತಿದರೂ ಅದು ಕಾದಿದ್ದು ಮುಂದಿನ ಟಿಕ್‌ನಲ್ಲೇ ನಡೆಯುತ್ತದೆ. ಬೆಂಗಳೂರಿನಿಂದ ಲಂಡನ್ನಿನ ಸರ್ವರ್‌ಗೆ ಸಂದೇಶ ಹೋಗಿಬರಲು 150 ಮಿಲಿಸೆಕೆಂಡ್ ಆಸುಪಾಸು ಬೇಕು. ಶೂಟಿಂಗ್ ಆಟಗಳಲ್ಲಿ ಅಷ್ಟು ತಡವಾದರೆ ಕತೆ ಮುಗಿಯಿತು. ಇಲ್ಲಿ ಅದು ಒಂದು ಟಿಕ್‌ನ ಕಾಲು ಭಾಗ ಅಷ್ಟೇ. ನೆಟ್ ತೂಗುಯ್ಯಾಲೆಯಾಡದೆ ಒಂದೇ ಸಮ ಇದ್ದರೆ ಇಲ್ಲಿ ಕೂತವನೂ ಲಂಡನ್ನಿನವನೂ ಹೆಚ್ಚುಕಮ್ಮಿ ಸಮಾನರು. ಚುರುಕು ಬೆರಳಿನ ಲಾಭವೂ ಒಂದು ಮಿತಿಯಾಚೆ ಇಲ್ಲ. ಒಂದೇ ಟಿಕ್‌ನೊಳಗೆ ಒಬ್ಬ ಮೊದಲು ಒತ್ತಿದ, ಇನ್ನೊಬ್ಬ ಆಮೇಲೆ ಒತ್ತಿದ ಎಂಬ ಭೇದವನ್ನು ಸರ್ವರ್ ಎಣಿಸುವುದಿಲ್ಲ.

ಎಣಿಸಬೇಕಾದವರು ನಾವು. ಪ್ರತಿ ಆಯುಧಕ್ಕೂ ಅದರದೇ ಲೆಕ್ಕವಿದೆ. ಅಬಿಸಲ್ ವಿಪ್ ನಾಲ್ಕು ಟಿಕ್‌ಗೊಮ್ಮೆ ಹೊಡೆಯುತ್ತದೆ, ಮ್ಯಾಜಿಕ್ ಐದಕ್ಕೆ, ಗಾಡ್‌ಸ್ವೋರ್ಡ್ ಆರಕ್ಕೆ. ಸೆಕೆಂಡುಗಳಲ್ಲಿ 2.4, 3 ಮತ್ತು 3.6. ಎದುರಾಳಿ ಈಗಷ್ಟೇ ಮ್ಯಾಜಿಕ್ ಹೊಡೆದನೆಂದರೆ ಇನ್ನು ಐದು ಟಿಕ್ ಅವನ ಏಟು ಬರುವುದಿಲ್ಲ. ಅಷ್ಟು ಹೊತ್ತು ನೀವು ನಿರಾಳ. ಹೊಸಬರು ಈ ಬಿಡುವಿನಲ್ಲಿ ಗಾಬರಿಯಿಂದ ಕ್ಲಿಕ್ ಮಾಡುತ್ತಲೇ ಇರುತ್ತಾರೆ, ಪಳಗಿದವರು ಸುಮ್ಮನಿರುತ್ತಾರೆ. ನಿಮಿಷಕ್ಕೆ ಸರಿಯಾಗಿ 100 ಟಿಕ್. ಸಂಗೀತದ ಮೇಷ್ಟ್ರು ಮೊದಲ ವಾರ ಹಾಡು ಬಿಟ್ಟು ಬರೀ ತಾಳ ಹಾಕಿಸಿದ ಹಾಗೆ, ಕಲಿಯುವವರು ಮೊದಲು ಈ ಲಯವನ್ನು ಕೂರಿಸಿಕೊಳ್ಳಬೇಕು. ಜಾಗೆಕ್ಸ್ ಒಪ್ಪಿಗೆಯಿರುವ ರೂನ್‌ಲೈಟ್ ಎಂಬ ಕ್ಲೈಂಟ್‌ನಲ್ಲಿ ಟಿಕ್‌ಗೊಮ್ಮೆ ಟಕ್ ಎನ್ನುವ ಮೆಟ್ರೋನೋಮ್ ಇದೆ. ಅದನ್ನು ಹಾಕಿಕೊಂಡು ಮರ ಕಡಿಯಿರಿ, ಮೀನು ಹಿಡಿಯಿರಿ, ಓಡಾಡಿ. ಕಿವಿಗೆ ಕೂತರೆ ಕಾಳಗದಲ್ಲಿ ಎಣಿಸಬೇಕಾಗಿಯೇ ಬರುವುದಿಲ್ಲ.

ಲಯದ ಮೇಲೆ ಕಟ್ಟುವುದು ಊಹೆಯನ್ನು. ಇಲ್ಲಿ ಹೊಡೆಯುವ ಬಗೆ ಮೂರು: ಹತ್ತಿರ ಬಂದು ಕತ್ತಿ ಬೀಸುವ ಮೆಲೀ, ಬಿಲ್ಲು–ಕ್ರಾಸ್‌ಬೋಗಳ ರೇಂಜ್, ಮತ್ತು ಮ್ಯಾಜಿಕ್. ಮೂರಕ್ಕೂ ಒಂದೊಂದು ತಡೆ ಪ್ರೇಯರ್, ಅಂದರೆ ಪಾತ್ರ ಬೇಕಾದಾಗ ಹಾಕಿಕೊಳ್ಳುವ ರಕ್ಷಣೆ, ಇದೆ. ಹಾಕಿದರೆ ಅದರ ಗುರುತು ತಲೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಒಮ್ಮೆಗೆ ಒಂದನ್ನೇ ಹಾಕಬಹುದು. ಮನುಷ್ಯರ ನಡುವಿನ ಕಾದಾಟದಲ್ಲಿ ಅದು ಆ ಬಗೆಯ ಹೊಡೆತದಲ್ಲಿ ಶೇ 40ರಷ್ಟನ್ನು ನುಂಗಿಬಿಡುತ್ತದೆ. ಆದ್ದರಿಂದ ಪಿವಿಪಿಯ ಮೊದಲ ಪಾಠ ಬಹಳ ಸರಳ. ಎದುರಾಳಿಯ ತಲೆಯ ಮೇಲೆ ಮ್ಯಾಜಿಕ್ ತಡೆ ಕಂಡರೆ ಮ್ಯಾಜಿಕ್ ಬಿಟ್ಟು ಬೇರೆಯದರಲ್ಲಿ ಹೊಡೆಯಿರಿ. ಆಟಗಾರರು ಇದನ್ನು ‘ಆಫ್ ಪ್ರೇಯರ್’ ಎನ್ನುತ್ತಾರೆ.

ಹೇಳಿದಷ್ಟು ಸುಲಭವಾಗಿದ್ದರೆ ಅಂಕಣ ಬರೆಯುವ ಅಗತ್ಯವೇ ಇರಲಿಲ್ಲ. ನಿಮ್ಮ ಆಯುಧದ ಟಿಕ್ ಎದುರಾಳಿಗೂ ಗೊತ್ತು. ನೀವು ಹೊಡೆಯುವ ಟಿಕ್ ಬರುತ್ತಿದ್ದಂತೆ ಅವನು ಪ್ರೇಯರ್ ಬದಲಿಸುತ್ತಾನೆ. ನೀವು ಕೈ ಎತ್ತಿದ್ದು ಕಂಡ ಮೇಲೆ ಬದಲಿಸಿದರೆ ತಡವಾಯಿತು. ಹಾಗಾಗಿ ಅವನು ಮುಂಚೆಯೇ ಊಹಿಸಬೇಕು, ನೀವು ಅವನ ಊಹೆಯನ್ನು ಊಹಿಸಬೇಕು. ಇಲ್ಲಿ ಸ್ವಲ್ಪ ಗಣಿತ ನೋಡಿ. ಕಣ್ಣು ಮುಚ್ಚಿಕೊಂಡು ಮೂರರಲ್ಲಿ ಯಾವುದೋ ಒಂದರಿಂದ ಹೊಡೆದರೂ ಮೂರಕ್ಕೆ ಎರಡು ಏಟು ಆಫ್ ಪ್ರೇಯರ್ ಬೀಳಬೇಕು, ಅಂದರೆ ಶೇ 66. ಎದುರಾಳಿ ಎಷ್ಟೇ ಬುದ್ಧಿವಂತನಾದರೂ ಇದನ್ನು ತಗ್ಗಿಸಲಾರ. ನಿಮ್ಮ ಲೆಕ್ಕ ಶೇ 55ಕ್ಕೆ ಇಳಿದಿದ್ದರೆ ಅರ್ಥ ಒಂದೇ: ನಿಮಗೊಂದು ಚಾಳಿ ಇದೆ, ಅದು ಅವನಿಗೆ ಕಂಡಿದೆ.

ಚಾಳಿ ಎಲ್ಲರಿಗೂ ಇರುತ್ತದೆ. ಮೂರು ಬಗೆಗೂ ಒಂದೇ ಬೆಲೆ ಇದ್ದಿದ್ದರೆ ಯಾರೂ ಯಾವ ಕಡೆಗೂ ವಾಲುತ್ತಿರಲಿಲ್ಲ. ಬೆಲೆ ಒಂದೇ ಇಲ್ಲ. ಮ್ಯಾಜಿಕ್‌ನಲ್ಲಿ ಐಸ್ ಬ್ಯಾರೇಜ್ ಎಂಬ ಮಂತ್ರವಿದೆ. ತಾಗಿದರೆ ಎದುರಾಳಿ ಸುಮಾರು 20 ಸೆಕೆಂಡು ನಿಂತಲ್ಲೇ ಹೆಪ್ಪುಗಟ್ಟುತ್ತಾನೆ. ಅದಕ್ಕೇ ಹೊಸಬ ಬ್ಯಾರೇಜ್ ತಾಗದಿದ್ದರೆ ಮತ್ತೆ ಬ್ಯಾರೇಜ್ ಹೊಡೆಯುತ್ತಾನೆ, ಅದೂ ತಾಗದಿದ್ದರೆ ಮತ್ತೊಂದು. ಎದುರಾಳಿಯ ರಕ್ತ ಇಳಿಯುತ್ತಿದ್ದಂತೆ ಗಾಡ್‌ಸ್ವೋರ್ಡ್ ಹಿಡಿದು ಓಡಿಬರುತ್ತಾನೆ. ಈ ಎರಡು ಸನ್ನಿವೇಶಗಳಲ್ಲಿ ನೀವು ಏನು ಮಾಡುತ್ತೀರಿ ಎಂದು ಗೊತ್ತಾದರೆ ಸಾಕು, ಅರ್ಧ ಕಾಳಗ ಕೈತಪ್ಪಿದಂತೆ. ಸುಧಾರಿಸಬೇಕು ಎನ್ನುವವರು ತಮ್ಮ ಕಾಳಗವನ್ನು ರೆಕಾರ್ಡ್ ಮಾಡಿಕೊಂಡು ಈ ಎರಡು ಜಾಗ ಮಾತ್ರ ನೋಡಿದರೂ ಸಾಕಷ್ಟು ಕಲಿಯುತ್ತಾರೆ.

ಹೆಪ್ಪುಗಟ್ಟಿಸುವುದರ ನಿಜವಾದ ಲಾಭ ಏನು? ಓಡಿಹೋಗದಂತೆ ತಡೆಯುವುದು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಎದುರಾಳಿ ನಿಂತಲ್ಲೇ ಸಿಕ್ಕಿಬಿದ್ದ, ನೀವು ನಾಲ್ಕು ಚೌಕ ದೂರ ಸರಿದಿರಿ ಎನ್ನೋಣ. ಈಗ ಅವನ ಕತ್ತಿ ನಿಮ್ಮನ್ನು ಮುಟ್ಟಲಾರದು. ರೇಂಜ್ ಅಥವಾ ಮ್ಯಾಜಿಕ್, ಎರಡೇ ದಾರಿ. ನೀವು ಎರಡರ ನಡುವೆ ಊಹಿಸಿದರೆ ಸಾಕು. ಅವನಿಗಾದರೋ ಮೂರರ ಭಯ ಇದ್ದೇ ಇದೆ, ಏಕೆಂದರೆ ನೀವು ಬೇಕಾದಾಗ ಹತ್ತಿರ ಹೋಗಿ ಹೊಡೆದು ಹಿಂದೆ ಸರಿಯಬಹುದು. ಅವನ ಆಫ್ ಪ್ರೇಯರ್ ಶೇ 66ರಿಂದ 50ಕ್ಕೆ ಇಳಿಯಿತು, ನಿಮ್ಮದು ಹಾಗೇ ಉಳಿಯಿತು. ಇಡೀ 20 ಸೆಕೆಂಡು ಈ ಅಂತರ ನಿಮ್ಮ ಪರವಾಗಿ ದುಡಿಯುತ್ತದೆ. ಇನ್ನೂ ಒಂದು ಜಾಣತನ ಇದೆ. ಹೆಪ್ಪುಗಟ್ಟಿದವನ ಚೌಕದೊಳಕ್ಕೇ ಹೋಗಿ ನಿಂತರೆ ಅವನು ಯಾವ ಆಯುಧದಿಂದಲೂ ನಿಮ್ಮನ್ನು ಹೊಡೆಯಲಾರ, ಹೊಡೆಯಲು ಒಂದು ಹೆಜ್ಜೆ ಆಚೆ ಸರಿಯಬೇಕು, ಅದಾಗುವುದಿಲ್ಲ. ನೀವು ಹೊರಗೆ ಬಂದು ಹೊಡೆದು ಮತ್ತೆ ಒಳಗೆ ಸೇರಿಕೊಳ್ಳಬಹುದು. ನೋಡುವವರಿಗೆ ತಮಾಷೆ, ಸಿಕ್ಕಿಬಿದ್ದವನಿಗೆ ಪ್ರಾಣಸಂಕಟ.

ಇನ್ನು ತಿನ್ನುವ ವಿಷಯ. ಪೂರ್ತಿ ಬೆಳೆದ ಪಾತ್ರಕ್ಕೆ 99 ಹಿಟ್‌ಪಾಯಿಂಟ್ ಇರುತ್ತದೆ, ಚೀಲದಲ್ಲಿ 28 ಜಾಗ. ಶಾರ್ಕ್ ಮೀನು ತಿಂದರೆ 20 ವಾಪಸ್ ಬರುತ್ತದೆ, ಆದರೆ ನಿಮ್ಮ ಮುಂದಿನ ಏಟು ಮೂರು ಟಿಕ್ ತಡವಾಗುತ್ತದೆ. ತಿಂದದ್ದಕ್ಕೆಲ್ಲ ಹೀಗೆ ಬೆಲೆ ತೆರಬೇಕು. ಸ್ವಲ್ಪ ಪೆಟ್ಟು ಬಿದ್ದ ಕೂಡಲೇ ತಿನ್ನುವವನು ಎದುರಾಳಿಗೆ ಪುಕ್ಕಟೆಯಾಗಿ ಸರದಿ ಬಿಟ್ಟುಕೊಡುತ್ತಾನೆ. ಹಾಗೆಂದು ಕೊನೆಯವರೆಗೆ ಕಾಯುವುದು ಶುದ್ಧ ಜೂಜು. ಅಪಾಯ ಎದುರಾದಾಗ ಒಂದೇ ಟಿಕ್‌ನಲ್ಲಿ ಶಾರ್ಕ್, ಸಾರಡೋಮಿನ್ ಬ್ರೂ ಎಂಬ ಪಾನೀಯ, ಕರಂಬ್ವಾನ್ ಎಂಬ ಇನ್ನೊಂದು ತಿನಿಸು, ಮೂರನ್ನೂ ನುಂಗುವ ವಿದ್ಯೆ ಇದೆ. 20, 16, 18 ಸೇರಿ 54 ಒಟ್ಟಿಗೆ ಬರುತ್ತದೆ. ಬ್ರೂ ಕುಡಿದರೆ ತೋಳಿನ ಬಲ ತಗ್ಗುತ್ತದೆ ಎನ್ನುವುದು ನೆನಪಿರಲಿ. ಇದನ್ನು ಬೆರಳಿಗೆ ಕಲಿಸಬೇಕು, ಯೋಚಿಸಿ ಮಾಡುವ ಹೊತ್ತಿಗೆ ಟಿಕ್ ದಾಟಿರುತ್ತದೆ.

ಕೊಲ್ಲುವ ಕಲೆ ಇದರ ಇನ್ನೊಂದು ಮುಖ. ಎದುರಾಳಿ ಒಂದೇ ಟಿಕ್‌ನಲ್ಲಿ 54 ಗಳಿಸಬಲ್ಲ ಎಂದ ಮೇಲೆ ಅವನನ್ನು ಚಿವುಟಿ ಚಿವುಟಿ ಕೊಲ್ಲಲಾಗದು. ತಿನ್ನಲು ಎಡೆ ಕೊಡದೆ ಎರಡು ಪೆಟ್ಟು ಒಟ್ಟಿಗೆ ಬೀಳಬೇಕು. ದೂರದಿಂದ ಬಿಟ್ಟ ಬಾಣ ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕತ್ತಿಯ ಏಟು ತಕ್ಷಣ ಬೀಳುತ್ತದೆ. ಈ ವ್ಯತ್ಯಾಸವನ್ನು ಹೊಂದಿಸಿ ಎರಡನ್ನೂ ಒಂದರ ಮೇಲೊಂದು ಬೀಳಿಸುವುದಕ್ಕೆ ‘ಸ್ಟ್ಯಾಕ್’ ಎನ್ನುತ್ತಾರೆ. ಕೆಲವು ಆಯುಧಗಳಿಗೆ ‘ಸ್ಪೆಷಲ್’ ಎಂಬ ವಿಶೇಷ ಏಟೂ ಇದೆ. ಆರ್ಮಡಿಲ್ ಗಾಡ್‌ಸ್ವೋರ್ಡ್‌ನ ಸ್ಪೆಷಲ್ ಏಟಿನ ಗರಿಷ್ಠ ಪೆಟ್ಟು ಮಾಮೂಲಿಗಿಂತ ಶೇ 37.5 ಹೆಚ್ಚು. ಆದರೆ ಅದು ಸ್ಪೆಷಲ್ ಶಕ್ತಿಯಲ್ಲಿ ಅರ್ಧ ನುಂಗುತ್ತದೆ, ಆ ಶಕ್ತಿ ಅರ್ಧ ನಿಮಿಷಕ್ಕೆ ಶೇ 10ರಂತೆ ಮರಳುತ್ತದೆ. ಅಂದರೆ ಎರಡು ಬಾರಿ ಬಳಸಿದರೆ ಮೂರನೆಯದಕ್ಕೆ ಎರಡೂವರೆ ನಿಮಿಷ ಕಾಯಬೇಕು. ಎದುರಾಳಿಯ ತಲೆಯ ಮೇಲೆ ಮೆಲೀ ತಡೆ ಇದ್ದಾಗ ಸ್ಪೆಷಲ್ ಸುಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಸೋಲಬಹುದು. ಏಟು ತಾಗುತ್ತದೋ ಇಲ್ಲವೋ ಎಂಬುದಕ್ಕೆ ಸರ್ವರ್ ಒಂದು ದಾಳ ಉರುಳಿಸುತ್ತದೆ. ತಾಗಿದರೆ ಎಷ್ಟು ಎಂಬುದಕ್ಕೆ ಇನ್ನೊಂದು. ನಿಮ್ಮ ಗರಿಷ್ಠ ಪೆಟ್ಟು 40 ಇದ್ದರೂ ನಾಲ್ಕು ಬಿದ್ದೀತು. ಒಂದು ಕಾಳಗದಲ್ಲಿ ಉರುಳುವ ದಾಳಗಳು ಹತ್ತಾರು ಅಷ್ಟೇ. ಅಷ್ಟರಲ್ಲಿ ಅದೃಷ್ಟ ಯಾರ ಕಡೆಗಾದರೂ ವಾಲೀತು. ಆದ್ದರಿಂದಲೇ ಗೆಲುವು ಇಲ್ಲಿ ಕೆಟ್ಟ ಗುರು. ತಪ್ಪು ಮಾಡಿ ಗೆದ್ದವನು ಆ ತಪ್ಪನ್ನೇ ವಿದ್ಯೆ ಎಂದು ತಿಳಿಯುತ್ತಾನೆ, ಸರಿಯಾಗಿ ಆಡಿ ಸೋತವನು ಸರಿಯಾದ ದಾರಿಯನ್ನೇ ಬಿಟ್ಟುಬಿಡುತ್ತಾನೆ. ಆಫ್ ಪ್ರೇಯರ್ ಲೆಕ್ಕದಲ್ಲಿ ದಾಳದ ಕೈವಾಡ ಇಲ್ಲ. ಅದು ಪೂರ್ತಿ ನಿಮ್ಮ ನಿರ್ಧಾರದ ಲೆಕ್ಕ. ಕಾಳಗ ಮುಗಿದ ಮೇಲೆ ಇಬ್ಬರದೂ ಶೇಕಡಾವಾರು ತೋರಿಸುವ ಪ್ಲಗಿನ್ ರೂನ್‌ಲೈಟ್‌ನಲ್ಲಿ ಸಿಗುತ್ತದೆ. ಅಷ್ಟನ್ನು ನೋಡಿ. ಪ್ರೇಯರನ್ನೇ ತಾನಾಗಿ ಬದಲಿಸಿಕೊಡುವ ತಂತ್ರಾಂಶಗಳೂ ಹೊರಗೆ ಸಿಗುತ್ತವೆ. ಅದು ಮೋಸ, ಸಿಕ್ಕಿಬಿದ್ದರೆ ಅಕೌಂಟ್ ಹೋಗುತ್ತದೆ. ಹೋಗದಿದ್ದರೂ ಕಲಿಯಬೇಕಾದದ್ದನ್ನೇ ಬೇರೆಯವರಿಂದ ಮಾಡಿಸಿಕೊಂಡಂತಾಯಿತು.

ಅಭ್ಯಾಸಕ್ಕೆ ವೈಲ್ಡರ್ನೆಸ್ ಸರಿಯಾದ ಜಾಗವಲ್ಲ. ಅಲ್ಲಿ ನಿಮ್ಮ ಗೇರ್ ಪಣಕ್ಕಿರುತ್ತದೆ, ಕೈ ನಡುಗುತ್ತದೆ. ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್‌ನಿಂದ ಶುರು ಮಾಡಿ. ಹೆಚ್ಚೆಂದರೆ 24 ಜನ, ಕೊನೆಗೆ ಉಳಿದವನು ಗೆದ್ದ. ಎಲ್ಲರಿಗೂ ಒಂದೇ ಮಟ್ಟ, ಶುರುವಿಗೆ ಒಂದೇ ಸಾಮಾನು. ಸತ್ತರೆ ನಿಮ್ಮ ಸ್ವಂತದ್ದು ಏನೂ ಹೋಗುವುದಿಲ್ಲ. ಅಲ್ಲಿ ಪಳಗಿದ ಮೇಲೆ ಪಿವಿಪಿ ಅರೀನಾ ಇದೆ. ಹಿಂದೆ ಅದರ ಜಾಗದಲ್ಲಿ ಬಾಜಿ ಕಟ್ಟಿ ಕಾದಾಡುವ ಡ್ಯುಯೆಲ್ ಅರೀನಾ ಇತ್ತು. ಜೂಜು ಅತಿಯಾಗಿ, 2022ರಲ್ಲಿ ಅದನ್ನು ಮುಚ್ಚಿ ಇದನ್ನು ತಂದರು. ವೈಲ್ಡರ್ನೆಸ್ ಎಲ್ಲಕ್ಕಿಂತ ಕೊನೆಗೆ. ಅಲ್ಲಿ ಸುಮ್ಮನಿದ್ದವನನ್ನು ನೀವಾಗಿ ಹೊಡೆದರೆ ನಿಮ್ಮ ತಲೆಯ ಮೇಲೆ ತಲೆಬುರುಡೆ ಬೀಳುತ್ತದೆ. ಸಾಮಾನ್ಯವಾಗಿ ಸತ್ತವನಿಗೆ ಬೆಲೆಬಾಳುವ ಮೂರು ವಸ್ತುಗಳು ಉಳಿಯುತ್ತವೆ, ಬುರುಡೆ ಹೊತ್ತವನಿಗೆ ಅದೂ ಇಲ್ಲ. ಪ್ರೊಟೆಕ್ಟ್ ಐಟಂ ಎಂಬ ಪ್ರೇಯರ್ ಒಂದನ್ನು ಉಳಿಸಿಕೊಡುತ್ತದೆ. ಆದರೆ ಎದುರಾಳಿ ಸ್ಮೈಟ್ ಎಂಬ ಪ್ರೇಯರ್ ಹಾಕಿದ್ದರೆ ಅವನ ಪ್ರತಿ ಪೆಟ್ಟಿನ ಕಾಲು ಭಾಗದಷ್ಟು ನಿಮ್ಮ ಪ್ರೇಯರ್ ಶಕ್ತಿ ಬತ್ತುತ್ತದೆ. ಅದು ಸೊನ್ನೆಯಾದ ಮೇಲೆ ಸತ್ತರೆ ಆ ಒಂದೂ ಹೋಯಿತು.

ಹಾಗಾಗಿ ಈ ವಾರದ ಸಲಹೆ ಇಷ್ಟೇ. ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್‌ಗೆ ಹೋಗಿ, ಪ್ರತಿ ಕಾಳಗದ ನಂತರ ಆಫ್ ಪ್ರೇಯರ್ ಅಂಕಿ ಬರೆದಿಟ್ಟುಕೊಳ್ಳಿ, ಗೆದ್ದಿರೋ ಸೋತಿರೋ ಬರೆಯಲೇಬೇಡಿ. ಹತ್ತರಲ್ಲಿ ಒಂಬತ್ತು ಸೋತಿದ್ದರೂ ಅಂಕಿ 66 ದಾಟಿದ್ದರೆ ಊಹೆ ಪಳಗುತ್ತಿದೆ, ಇನ್ನು ತಿನ್ನುವುದನ್ನೂ ದೂರ ನಿಲ್ಲುವುದನ್ನೂ ತಿದ್ದಿಕೊಳ್ಳಿ. ಒಂಬತ್ತು ಗೆದ್ದು ಅಂಕಿ 50ರಲ್ಲೇ ನಿಂತಿದ್ದರೆ ಆ ಗೆಲುವೆಲ್ಲ ದಾಳ ಕೊಟ್ಟ ಸಾಲ. ವೈಲ್ಡರ್ನೆಸ್‌ನಲ್ಲಿ ಅದನ್ನು ಗೇರ್ ಸಮೇತ ತೀರಿಸಬೇಕಾಗುತ್ತದೆ.