ಚಿರಂಜೀವಿಯ ಸಾವು

ನಮ್ಮ ಹುತ್ತೂರಿನ ಕಡೆ ಅಜಾಕ್ಸ್ ಯಾರೆಂದು ಹೇಳಿಕೊಡಬೇಕು. ಅಶ್ವತ್ಥಾಮನನ್ನು ಯಾರಿಗೂ ಪರಿಚಯಿಸಬೇಕಿಲ್ಲ. ಸೋಫೋಕ್ಲಿಸನ ‘ಅಜಾಕ್ಸ್’ ನಾಟಕವನ್ನು ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ಆಗಿ ತಂದದ್ದರ ಜಾಣ್ಮೆ ಇದು. ತೊಡಕೂ ಅಲ್ಲೇ ಇದೆ. ಅಜಾಕ್ಸ್ ಮತಿಗೆಟ್ಟು, ಶತ್ರುಗಳೆಂದು ದನಕುರಿಗಳನ್ನು ಕಡಿದು, ತಿಳಿವು ಬಂದಮೇಲೆ ನಾಚಿಕೆ ತಾಳದೆ ತನ್ನ ಕತ್ತಿಯ ಮೇಲೆ ಬೀಳುತ್ತಾನೆ. ನಮ್ಮ ಅಶ್ವತ್ಥಾಮನಾದರೋ ಚಿರಂಜೀವಿ; ಸಾಯಲಾರದಿರುವುದೇ ಅವನ ಶಿಕ್ಷೆ. ಶ್ರೀಯವರು ಅವನನ್ನೂ ಸಾಯಿಸಿದರು. ಪುರಾಣಕ್ಕೆ ಅಪಚಾರವಾಯಿತೆಂದು ಗೊಣಗುವವರ ಜೊತೆ ನಾನಿಲ್ಲ. ನನ್ನ ತಕರಾರು ಬೇರೆ. ಸಾವು ಅಜಾಕ್ಸನಿಗೆ ಮಾನ ಉಳಿಸಿಕೊಳ್ಳುವ ದಾರಿ. ಮಲಗಿದ್ದ ಪಾಂಡವರ ಮಕ್ಕಳನ್ನು ಕೊಂದವನಿಗೆ ಅದು ಬಿಡುಗಡೆಯಾಗಿಬಿಡುತ್ತದೆ. ಹೆಸರಿನ ಜೊತೆ ಪಾಪದ ತೂಕವೂ ಬದಲಾಯಿತು. 1935ರ ‘ಪಾರಸಿಕರು’ ನಾಟಕದಲ್ಲಿ ಅವರು ಈಸ್ಕಿಲಸನ ಪರ್ಷಿಯನ್ನರನ್ನು ಪರ್ಷಿಯನ್ನರಾಗಿಯೇ ಬಿಟ್ಟರು. ಮೂಲಕ್ಕೆ ಅದೇ ಹತ್ತಿರ. ಆದರೂ ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದು ‘ಅಶ್ವತ್ಥಾಮನ್’ ನಾಟಕವನ್ನೇ.