ಕೋಡಿಯ ಮಠ: ‘ವಿಶ್ವವಿದ್ಯಾಲಯ’ ಅಂದರೆ ಸಾಕೇ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ ಆವರಣ ಇವತ್ತು ಶಿಲ್ಪ, ಶಾಸನ, ವೀರಗಲ್ಲುಗಳ ಸಂಗ್ರಹಾಲಯವೂ ಹೌದು. ಹಿಂದೆ ಇಲ್ಲಿದ್ದದ್ದು ಕಾಳಾಮುಖ ಶೈವರ ಕೋಡಿಯ ಮಠ. ಅದರ ಬಗ್ಗೆ ಯಾರೇ ಬರೆದರೂ ‘ಪ್ರಾಚೀನ ವಿಶ್ವವಿದ್ಯಾಲಯ’ ಅನ್ನೋ ಮಾತು ಬಂದೇ ಬರುತ್ತೆ. ನನ್ನ ತಕರಾರು ಆ ಮಾತಿನ ಬಗ್ಗೆ.

ಅದಕ್ಕೆ ಮುಖ್ಯ ಆಧಾರ ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನ (ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 7, ಶಿಕಾರಿಪುರ 102). ಆಗ ಮಠದ ಆಚಾರ್ಯ ವಾಮಶಕ್ತಿ. ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳು ಅಂತ ಶಾಸನ ಪಟ್ಟಿ ಕೊಡುತ್ತೆ. ಶಾಕಟಾಯನ ಜೈನ ವೈಯಾಕರಣ ಅನ್ನೋದನ್ನ ಗಮನಿಸಿ. ನಾವು ಸಾಮಾನ್ಯವಾಗಿ ಇಲ್ಲಿಗೇ ಓದು ನಿಲ್ಲಿಸ್ತೀವಿ.

ಆದರೆ ಶಾಸನ ಇಲ್ಲಿಗೆ ನಿಲ್ಲಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ ಅನ್ನ. ಕ್ಷಪಣಕರಿಗೆ, ಅಂದರೆ ಜೈನ ಯತಿಗಳಿಗೂ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಆಶ್ರಯ, ಚಿಕಿತ್ಸೆ. ಎಲ್ಲ ಜೀವಿಗಳಿಗೂ ಅಭಯ. ಪಾಠ, ಊಟ, ಔಷಧಿ ಮೂರನ್ನೂ ಶಾಸನ ಒಂದೇ ಉಸಿರಿಗೆ ಹೇಳುತ್ತೆ. ‘ವಿಶ್ವವಿದ್ಯಾಲಯ’ ಅಂದ ತಕ್ಷಣ ಪಾಠ ಮಾತ್ರ ಉಳಿಯುತ್ತೆ, ಉಳಿದೆರಡು ಮಾಯ.

ಇದು ಪ್ರಶಸ್ತಿ, ಉತ್ಪ್ರೇಕ್ಷೆ ಇದ್ದೇ ಇರುತ್ತೆ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಈ ಸಾಲುಗಳಿಂದ ದಿನಕ್ಕೆ ಎಷ್ಟು ಎಲೆ ಹಾಕುತ್ತಿದ್ದರು ಅಂತ ಲೆಕ್ಕ ಸಿಗಲ್ಲ. ಆದರೆ ಏನನ್ನು ಹೇಳಿಕೊಂಡರೆ ಮಠಕ್ಕೆ ಗೌರವ ಅಂತ ಅಂದಿನವರು ತಿಳಿದಿದ್ದರು ಅನ್ನೋದು ಖಂಡಿತ ಸಿಗುತ್ತೆ. ಬೌದ್ಧ ದರ್ಶನದ ಪಾಠ, ಜೈನ ಯತಿಗೆ ಊಟ, ಇವೂ ಒಂದು ಶೈವ ಮಠದ ಹೆಗ್ಗಳಿಕೆ! ನನ್ನ ದೃಷ್ಟಿಯಲ್ಲಿ ಶಾಸನದ ನಿಜವಾದ ತೂಕ ಇರೋದು ಇಲ್ಲೇ.

ಸಂಗ್ರಹಾಲಯಕ್ಕೆ ಹೋದಾಗ ನಾವು ಕಾಲ, ಶೈಲಿ, ರಾಜವಂಶ ಹುಡುಕ್ತೀವಿ. ಆ ಕಲ್ಲುಗಳ ಸುತ್ತ ಓದಿದವರು, ಉಂಡವರು, ನರಳಿದವರು ಕಾಣಬೇಕಾದರೆ ಶಾಸನವನ್ನೇ ಕೈಮರ ಮಾಡಿಕೊಳ್ಳಬೇಕು.

ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆಗೂ ಈ ಮಾತು ಸಲ್ಲುತ್ತೆ. ಗಂಗರ ಮಾನ್ಯಪುರ ಅದು. ಸೇನಾನಿ ಶ್ರೀವಿಜಯ ಅಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಕ್ರಿ.ಶ. 797ರ ತಾಮ್ರಪಟ ಹೇಳುತ್ತೆ. ‘ಗಂಗರ ರಾಜಧಾನಿ’ ಅಂತ ಒಂದೇ ಮಾತಲ್ಲಿ ಮುಗಿಸಿದರೆ ಆ ಜಿನಾಲಯವೂ, ಅದಕ್ಕೆ ದಾನ ಬಿಟ್ಟ ಊರೂ ಮರೆಯಾಗ್ತವೆ.

ಬಳ್ಳಿಗಾವೆಗೆ ಹೊರಟವರು ಶಿಕಾರಿಪುರ 102ನ್ನು ಕೊನೆಯ ಸಾಲಿನವರೆಗೂ ಓದ್ಕೊಂಡು ಹೋಗಿ.